ಎಡಗೈಯ ಮುಯ್ಯಿ

ಬಲಗೈ ಹೋದದ್ದಕ್ಕಿಂತ ಮುಯ್ಯಿ ಹೋದದ್ದೇ ನನಗೆ ಹೆಚ್ಚು ನೋವು ಕೊಟ್ಟಿತು ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಕೈ ಹೋದದ್ದು ನನ್ನದು, ಹೇಳುತ್ತಿರುವವನೂ ನಾನೇ.

ಮೂಡಲಗಿಯಿಂದ ಕುಲಗೋಡಕ್ಕೆ ಹೋಗುವ ದಾರಿಯ ಬದಿಗೆ ನಮ್ಮ ಊರು. ಆಗಿನ್ನೂ ಬ್ರಿಟಿಷರ ಆಳ್ವಿಕೆ. ನೀರಿನ ಅನುಕೂಲ ಇದ್ದ ಕೆಲವು ಮನೆಯವರು ಜೋಳದ ಜೊತೆ ಒಂದಿಷ್ಟು ಕಬ್ಬು ಹಚ್ಚುತ್ತಿದ್ದೆವು. ಕಬ್ಬು ಮಾಗಿದ ಮೇಲೆ ಗಾಣ ಹೂಡಿ ಬೆಲ್ಲ ಮಾಡುವುದು ಒಂದೇ ಮನೆಯವರಿಂದ ಆಗುವ ಕೆಲಸವಲ್ಲ. ಕಡಿಯುವವರು ಬೇಕು, ಹೊರುವವರು ಬೇಕು, ಎತ್ತು ಹೊಡೆಯುವವರು, ಗಾಣದ ಬಾಯಿಗೆ ಕಬ್ಬು ಕೊಡುವವರು, ಒಲೆಗೆ ಉರಿ ಹಾಕುವವರು, ಪಾಕ ನೋಡುವವರು ಬೇಕು. ಇದಕ್ಕೆ ಕೂಲಿ ಆಳು ಹಿಡಿಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಇವತ್ತು ನಮ್ಮ ಮನೆಯಿಂದ ಒಬ್ಬ ನಿಮ್ಮ ಗಾಣದಲ್ಲಿ ದುಡಿದರೆ, ನಮ್ಮ ಗಾಣ ಹೂಡಿದಾಗ ನಿಮ್ಮ ಮನೆಯಿಂದ ಒಬ್ಬ ಬಂದು ದುಡಿಯಬೇಕು. ಅದೇ ಮುಯ್ಯಿ. ಮದುವೆಗೆ ಕರೆಯುವುದನ್ನು ಮರೆತರೂ ಜನ ಮರುವರ್ಷ ಮುನಿಸು ಬಿಟ್ಟು ಮಾತಾಡುತ್ತಾರೆ. ಮುಯ್ಯಿಗೆ ಕರೆಯದಿದ್ದರೆ ಮಾತ್ರ ಆ ಮನೆಯಲ್ಲಿ ದುಡಿಯುವ ಗಂಡಸೇ ಇಲ್ಲ ಎಂದಂತೆ.

ನಾನು ಗಾಣಕ್ಕೆ ಕಬ್ಬು ಕೊಡುವವನಾಗಿದ್ದೆ. ಕಬ್ಬಿಣದ ಉರುಳೆಗಳ ಮುಂದೆ ಕೂತು, ಎತ್ತು ಎಳೆಯುವ ಉದ್ದ ಮರ ತಲೆಯ ಮೇಲೆ ಸುತ್ತಿ ಬಂದಾಗಲೆಲ್ಲ ಬಗ್ಗಿ, ಕಬ್ಬನ್ನು ಒಂದೊಂದೇ ಗಳವಾಗಿ ತುರುಕುತ್ತಿದ್ದೆ. ಒಂದು ಹಂಗಾಮಿನ ಕೊನೆಯಲ್ಲಿ, ನಮ್ಮದೇ ಕಬ್ಬು ನುರಿಯುತ್ತಿದ್ದಾಗ, ಸೀಳಿದ ಗಳವೊಂದು ಉರುಳೆಗೆ ಸಿಕ್ಕು ನನ್ನ ಅಂಗಿಯ ತೋಳನ್ನೂ ಎಳೆದುಕೊಂಡಿತು. ಎತ್ತು ನಿಲ್ಲಿಸುವಷ್ಟರಲ್ಲಿ ಬಲಗೈ ಒಳಗೆ ಹೋಗಿತ್ತು. ಚಕ್ಕಡಿಯಲ್ಲಿ ಮಲಗಿಸಿಕೊಂಡು ಗೋಕಾಕದ ದವಾಖಾನೆಗೆ ಒಯ್ದರು. ಮೊಣಕೈಯ ಕೆಳಗೆ ನಾಲ್ಕು ಬೆರಳಷ್ಟು ಉಳಿಸಿ ಮಿಕ್ಕಿದ್ದನ್ನು ತೆಗೆದರು. ಜೀವ ಉಳಿಯಿತಲ್ಲ ಎಂದು ಎಲ್ಲರೂ ಅಂದರು, ನಾನೂ ಅಂದೆ.

ಮನೆಗೆ ಬಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಪೂಜೆಯ ಹೊತ್ತಿಗೆ ಲಿಂಗ ಎಡ ಅಂಗೈಯ ಮೇಲೆ ಕೂರುತ್ತದೆ, ವಿಭೂತಿ ಪತ್ರಿ ಏರಿಸುವುದು ಬಲಗೈ. ನನಗೆ ಲಿಂಗ ಹಿಡಿಯುವ ಕೈ ಇತ್ತು, ಪೂಜಿಸುವ ಕೈ ಇರಲಿಲ್ಲ. ಹೆಂಡತಿ ಎದುರಿಗೆ ಕೂತು ನನ್ನ ಪರವಾಗಿ ವಿಭೂತಿ ಹಚ್ಚುತ್ತಿದ್ದಳು. ಊಟವೂ ಅಷ್ಟೇ. ನಾಲ್ಕು ಜನರೆದುರು ಎಡಗೈಯಲ್ಲಿ ರೊಟ್ಟಿ ಮುರಿಯಲು ನಾಚಿಕೆ. ಆದ್ದರಿಂದ ಒಳಕೋಣೆಯಲ್ಲಿ ಗೋಡೆಯ ಕಡೆಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದೆ. ಯಾರೂ ಬರದಿದ್ದರೆ ನನ್ನನ್ನು ಮರೆತರು ಎಂದು ಅಳು. ಯಾರಾದರೂ ಬಂದರೆ ಮೊಂಡುಗೈ ನೋಡಲು ಬಂದರು ಎಂದು ಅಳು. ನನ್ನ ಮೇಲೆ ನನಗಿದ್ದಷ್ಟು ಕನಿಕರ ಊರಲ್ಲಿ ಇನ್ನಾರಿಗೂ ಇರಲಿಲ್ಲ.

ಊರವರು ಕೆಟ್ಟವರೆಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಮಳೆಯಾದಾಗ ನಮ್ಮ ಹೊಲ ಹರಗಿದವರು ಅವರೇ, ಬಿತ್ತಿದವರು ಅವರೇ, ಕಬ್ಬಿಗೆ ನೀರು ಹಾಯಿಸಿದವರೂ ಅವರೇ. ನಾನು ಬದುವಿನ ತನಕ ಹೋಗಿ ಒಂದು ಹಗ್ಗ ಮುಟ್ಟಿದರೂ ಸಾಕು, ಯಾರಾದರೂ ಓಡಿಬಂದು ಕಸಿದುಕೊಳ್ಳುತ್ತಿದ್ದರು. "ನೀ ಕುಂಡ್ರಪಾ ತಮ್ಮಾ." "ಕುಂಡ್ರು, ನಾವು ಇಲ್ಲೇನ?" ಆ ಕುಂಡ್ರು ಎಂಬ ಮಾತು ಕೇಳಿ ಕೇಳಿ ನನಗೆ ವಾಕರಿಕೆ ಬರತೊಡಗಿತು. ನನ್ನ ಜಾಗದಲ್ಲಿ ಇನ್ನು ಗಾಣಕ್ಕೆ ಕಬ್ಬು ಕೊಡಬೇಕಾಗಿದ್ದ ನನ್ನ ಬಾಲ್ಯದ ಗೆಳೆಯನಂತೂ ನಮ್ಮ ಓಣಿಗೇ ಬರುವುದನ್ನು ಬಿಟ್ಟಿದ್ದ.

ಮತ್ತೆ ಗಾಣದ ಹಂಗಾಮು ಬಂತು. ನಮ್ಮಲ್ಲಿ ಮೊದಲು ಗಾಣ ಹೂಡುವವರು ಬಾಜೂ ಹೊಲದ ಕಾಕಾ. ಹಿಂದಿನ ಸಂಜೆ ಅವರು ಮನೆಮನೆಯ ಬಾಗಿಲಲ್ಲಿ ನಿಂತು ಕೂಗಬೇಕು, ಒಳಗಿನವರು ಹೂಂ ಅನ್ನಬೇಕು. ಅದು ನಮ್ಮೂರ ರೀತಿ. ನಾನು ಕೋಣೆಯಲ್ಲಿ ಕೂತು ಅವರ ಕೆರದ ಸಪ್ಪಳ ಕೇಳುತ್ತಿದ್ದೆ. ಆಚೆ ಮನೆಯಲ್ಲಿ "ನಾಳೆ ಗಾಣ ಐತಿ, ಆಳ ಕಳಸ್ರಿ" ಎಂದರು. ಸಪ್ಪಳ ನಮ್ಮ ಬಾಗಿಲಿಗೆ ಬಂತು, ನಿಲ್ಲದೆ ಮುಂದೆ ಹೋಯಿತು. ಈಚೆ ಮನೆಯಲ್ಲಿ ಮತ್ತೆ "ನಾಳೆ ಗಾಣ ಐತಿ" ಎಂದರು.

ನಾನು ಏಳುವ ಮೊದಲೇ ಹೆಂಡತಿ ಅಂಗಳಕ್ಕಿಳಿದಿದ್ದಳು.

"ಕಾಕಾ, ನಮ್ಮ ಬಾಗಿಲಾ ಮರತ್ರೇನ್ರಿ?"

"ಮರೀಲಿಲ್ಲವಾ ತಂಗಿ. ಕೈ ಇಲ್ಲದಾಂವಗ ಏನಂತ ಕರೀಲಿ? ನನ್ನ ಬಾಯಾಗ ಬರಲಿಲ್ಲ. ನಿಮ್ಮ ಕಬ್ಬ ನಾವೆಲ್ಲಾ ಕೂಡಿ ಬೆಲ್ಲಾ ಮಾಡಿ ಕೊಡ್ತೇವಿ. ಮುಯ್ಯಿ ಗಿಯ್ಯಿ ಏನೂ ಬ್ಯಾಡ. ಅಂವಾ ಆರಾಮ ಕುಂಡರ್ಲಿ."

ನಾನು ಹೊರಗೆ ಬಂದೆ. ಅಷ್ಟು ತಿಂಗಳಲ್ಲಿ ಟವೆಲ್ಲು ಮುಚ್ಚದೆ ಮೊಂಡುಗೈ ಹೊರಗೆ ತಂದದ್ದು ಅದೇ ಮೊದಲು.

"ಕಾಕಾ, ಹಂಗಿದ್ರ ನನ್ನ ಕಬ್ಬಿಗೆ ಯಾರೂ ಕುಡಗೋಲ ಹಚ್ಚಬ್ಯಾಡ್ರಿ. ಹೊಲದಾಗ ಒಣಗಲಿ. ಧರ್ಮದ ಬೆಲ್ಲಾ ನನಗ ಬ್ಯಾಡ."

"ಸಿಟ್ಟ ಯಾಕಪಾ ತಮ್ಮಾ? ನಿನ್ನ ಸಲುವಾಗೇ ಅಂದೆ."

"ನನ್ನ ಸಲುವಾಗಿ ಏನೂ ಅನಬ್ಯಾಡ್ರಿ."

ಕಾಕಾ ಪಾಪ, ಮುಂದಿನ ಮನೆಗೆ ಕೂಗಲು ಹೋದರು. ಬಾಗಿಲು ಹಾಕಿದ ಮೇಲೆ ಹೆಂಡತಿ ನನ್ನನ್ನು ಹೊಗಳುತ್ತಾಳೆ ಎಂದುಕೊಂಡಿದ್ದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಕಬ್ಬ ಒಣಗಿದ್ರ ವರ್ಷಾ ಪೂರ್ತಿ ಏನ ತಿಂತೀರಿ? ಇಷ್ಟ ದಿನಾ ಗ್ವಾಡಿ ಕಡೆ ಮಾರಿ ಮಾಡಿ ಕುಂತ್ರಿ, ನಾ ಒಂದ ಮಾತ ಅಂದೇನೇನ? ಇವತ್ತ ಬಾಯಿ ಬಂತು ನಿಮಗ. ಆ ಬಾಯಿ ನಾಳೆ ಗಾಣದಾಗ ಹೋಗಿ ತೋರಸ್ರಿ."

"ಅಲ್ಲಿ ಹೋಗಿ ಏನ ಮಾಡ್ಲಿ?"

"ನನ್ನ ಯಾಕ ಕೇಳ್ತೀರಿ? ಇರೂ ಕೈ ಕೇಳ್ರಿ."

ಮರುದಿನ ಕರೆಯದೆ ಹೋದೆ. ನನ್ನನ್ನು ನೋಡಿ ಎಲ್ಲರ ಕೆಲಸ ಒಂದು ಕ್ಷಣ ನಿಂತಿತು. ಯಾರೋ ನಾನು ಕೂರಲೆಂದು ಹೊರಸು ಎಳೆದು ಹಾಕಿದರು, ಇನ್ಯಾರೋ ಒಂದು ಚೆರಗಿ ಕಬ್ಬಿನ ಹಾಲು ತಂದುಕೊಟ್ಟರು. ಕುಡಿದೆ. ಎಷ್ಟೇ ಸಿಟ್ಟಿದ್ದರೂ ಕಬ್ಬಿನ ಹಾಲು ಬಿಡುವ ಪೈಕಿ ನಾನಲ್ಲ. ಕುಡಿದು ಎದ್ದು ಕುಡಗೋಲು ತೆಗೆದುಕೊಂಡು ಕಬ್ಬಿನೊಳಗೆ ನುಗ್ಗಿದೆ.

ಕಡಿಯಲು ಆಗಲಿಲ್ಲ. ಒಂದು ಕೈ ಗಳವನ್ನು ಹಿಡಿದು ಬಾಗಿಸಬೇಕು, ಇನ್ನೊಂದು ಬುಡಕ್ಕೆ ಹೊಡೆಯಬೇಕು. ಮೊಂಡುಗೈಯಿಂದ ಗಳವನ್ನು ಒತ್ತಿ ಹಿಡಿಯಲು ನೋಡಿದೆ, ಅದು ಜಾರಿ ಕುಡಗೋಲು ನನ್ನ ಕಾಲಿನ ಬದಿಗೇ ಬಂತು. ಹೊರೆ ಹೊರಲು ಹೋದೆ. ತಲೆಯ ಮೇಲೆ ಇಟ್ಟರೆ ಹೊರಬಲ್ಲೆ, ಆದರೆ ಪ್ರತಿ ಸಲ ಯಾರಾದರೂ ಎತ್ತಿ ಇಡಬೇಕು. ಎತ್ತು ಹೊಡೆಯುವುದು ನನಗೆ ಬಂದೀತು. ಆದರೆ ಅದು ಮುದುಕರು ಮಾಡುವ ಕೆಲಸ, ಮುಯ್ಯಿಯಲ್ಲಿ ಅದನ್ನು ಅರ್ಧ ಆಳು ಎಂದು ಹಿಡಿಯುತ್ತಾರೆ. ನನಗೆ ಅರ್ಧ ಬೇಡವಾಗಿತ್ತು. ಕರೆಯದೆ ಬಾಗಿಲು ದಾಟಿ ಹೋದಾಗಲೇ ಅವರು ನನ್ನನ್ನು ಅರ್ಧ ಎಂದಂತಾಗಿತ್ತಲ್ಲ.

ಉಳಿದದ್ದು ಒಲೆ. ಬೆಲ್ಲ ಕಾಯಿಸುವ ಕೊಪ್ಪರಿಗೆಯ ಕೆಳಗೆ ನೆಲದಲ್ಲಿ ತೋಡಿದ ದೊಡ್ಡ ಒಲೆ. ಅದರ ಬಾಯಿ ಹಿಂದಿನ ತಗ್ಗಿನಲ್ಲಿ. ಉರಿ ಹಾಕುವವನು ಆ ತಗ್ಗಿನಲ್ಲಿ ನಿಂತು, ಒಣಗಿದ ಕಬ್ಬಿನ ಸಿಪ್ಪೆಯನ್ನು ಕವೆಗೋಲಿನಿಂದ ತಳ್ಳುತ್ತಿರಬೇಕು. ಇಡೀ ಗಾಣದಲ್ಲಿ ಅದಕ್ಕಿಂತ ಬಿರುಸಿನ ಕೆಲಸವಿಲ್ಲ. ಹುಬ್ಬು ಸುಡುತ್ತದೆ, ಮೈ ಬೇಯುತ್ತದೆ. ಯಾರೂ ಹೆಚ್ಚು ಹೊತ್ತು ನಿಲ್ಲಲು ಒಪ್ಪುವುದಿಲ್ಲ. ಉರಿ ಹಾಕುತ್ತಿದ್ದವನು ಬೆವರು ಒರೆಸಿಕೊಳ್ಳಲು ಮೇಲೆ ಬಂದ. ನಾನು ತಗ್ಗಿಗೆ ಹಾರಿದೆ.

"ಏ ಏ ತಮ್ಮಾ, ಮ್ಯಾಲ ಬಾ!" ಎಂದು ಕಾಕಾ ಕೂಗಿಕೊಂಡರು. ಆದರೆ ಇಳಿದು ಎಳೆಯಲು ಯಾರೂ ಬರಲಿಲ್ಲ. ನನ್ನ ಯಾವ ಕೈ ಹಿಡಿದು ಎಳೆಯಬೇಕೆಂದು ಅವರಿಗೆ ತಿಳಿಯಲಿಲ್ಲವೇನೋ.

ಕವೆಗೋಲಿನ ಹಿಡಿಯನ್ನು ಬಲಕಂಕುಳಲ್ಲಿ ಸಿಕ್ಕಿಸಿ, ಮೊಂಡುಗೈಯನ್ನು ಅದರ ಮೇಲೆ ಮಡಚಿ ಒತ್ತಿ, ಎಡಗೈಯಿಂದ ಮುಂದಕ್ಕೆ ನೂಕಿದೆ. ಸಿಪ್ಪೆ ಒಳಗೆ ಹೋಯಿತು. ಧಗ್ ಎಂದು ಹತ್ತಿಕೊಂಡಿತು. ನನಗೆ ಕೂಗಬೇಕೆನಿಸಿತು, ಕೂಗಿದೆ ಕೂಡ.

ಉರಿ ಹಾಕುವುದೆಂದರೆ ಸುಮ್ಮನೆ ತುರುಕುವುದಲ್ಲ. ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದ ಮೊದಲಿಗೆ ಸಣ್ಣ ಉರಿ. ಬೆಂಡೆ ಗಿಡ ಜಜ್ಜಿದ ಲೋಳೆ ನೀರು ಹಾಕಿದಾಗ ರಾಡಿಯೆಲ್ಲ ಮೇಲೆ ತೇಲುತ್ತದೆ. ಅದನ್ನು ತೆಗೆದ ಮೇಲೆ ಜೋರು ಉರಿ. ನೊರೆ ಹಳದಿಗೆ ತಿರುಗಿದಾಗ ತಗ್ಗಿಸಬೇಕು. ಪಾಕ ಹದಕ್ಕೆ ಬಂದ ಗಳಿಗೆಯಲ್ಲಿ ಒಳಗಿನ ಬೆಂಕಿಯನ್ನೆಲ್ಲ ಹೊರಗೆ ಎಳೆದುಬಿಡಬೇಕು. ಒಂದು ಉಸಿರು ತಡವಾದರೂ ಬೆಲ್ಲ ಸೀದು ಕರ್ರಗಾಗುತ್ತದೆ. ತಗ್ಗಿನಲ್ಲಿ ನಿಂತವನಿಗೆ ಕೊಪ್ಪರಿಗೆ ಕಾಣುವುದಿಲ್ಲ. ಮೇಲೆ ನಿಂತು ಪಾಕ ನೋಡುವ ಅಜ್ಜನ ದನಿಯೇ ಅವನಿಗೆ ಕಣ್ಣು. ನಮ್ಮ ಪಾಕದ ಅಜ್ಜ ಎಂದರೆ ಹಲ್ಲಿಲ್ಲದ ಬಾಯಿ, ಸಿಡುಕಿನ ಮನುಷ್ಯ. ಅವನಿಂದ ಬೈಸಿಕೊಳ್ಳದ ಗಂಡಸು ನಮ್ಮ ಸೀಮೆಯಲ್ಲಿ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ "ಉರಿ ಎಳಿ!" ಎಂದ ಅಜ್ಜ. ತಳ್ಳುವುದು ನನಗೆ ಬಂದಿತ್ತು. ಎಳೆಯುವಾಗ ಕೋಲು ಕಂಕುಳಿಂದ ಜಾರಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡೆ, ಮತ್ತೆ ಜಾರಿತು. ಅಷ್ಟರಲ್ಲಿ ಮೇಲಿನಿಂದ ಸುಟ್ಟ ವಾಸನೆ ಬಂತು. ಒಂದು ಕೊಪ್ಪರಿಗೆ ಬೆಲ್ಲ ಕರ್ರಗಾಗಿ ಹೋಯಿತು.

ಮೇಲೆ ಹತ್ತಿ ನಿಂತೆ. ಎಲ್ಲರೂ ಸುತ್ತ ಸೇರಿದ್ದರು. ನಾನು ಅಜ್ಜನ ಬಾಯನ್ನೇ ನೋಡುತ್ತಿದ್ದೆ. ಅವನು ನನ್ನ ತೋಳನ್ನು ಒಮ್ಮೆ ನೋಡಿ, ಸೌಟನ್ನು ಕೆಳಗಿಟ್ಟ.

"ಇರ್ಲಿ ಬಿಡ ತಮ್ಮಾ" ಎಂದ, ಮೆತ್ತಗೆ.

"ಹೋದ್ರ ಹೋಗಲಿ, ಬೆಲ್ಲಾ ಏನ ದೊಡ್ಡದು" ಎಂದರು ಕಾಕಾ. "ನೀ ಹೊರಸಿನ ಮ್ಯಾಲ ಕುಂಡ್ರು."

ನನಗೆ ತಲೆ ಕೆಟ್ಟುಹೋಯಿತು. ಹಿಂದಿನ ವರ್ಷ ಇನ್ನೊಬ್ಬ ಇದೇ ತಪ್ಪು ಮಾಡಿದಾಗ ಅಜ್ಜ ಅವನ ಏಳು ತಲೆಮಾರನ್ನು ಹೊಲದಲ್ಲಿ ಓಡಾಡಿಸಿದ್ದ. ಇದೇ ಕಾಕಾ ಅವನಿಗೆ ಮಧ್ಯಾಹ್ನದ ಊಟಕ್ಕೆ ಝುಣಕ ಕೊಡಬೇಡಿ ಎಂದಿದ್ದರು. ನನಗೆ ಮಾತ್ರ ಇರ್ಲಿ ಬಿಡು! ಸತ್ತವರ ಬಗ್ಗೆ ಹಾಗೆ ಮಾತಾಡುತ್ತಾರೆ.

"ಬೈಯ್ರಿ!" ಎಂದು ಚೀರಿದೆ. "ಅಜ್ಜಾ, ನನ್ನ ಬೈ! ಕೊಪ್ಪರಿಗಿ ಸುಟ್ಟೇನಿ, ಕಣ್ಣಿಗೆ ಕಾಣಸ್ತೈತಿಲ್ಲೋ ನಿನಗ? ನನ್ನ ಕೈ ಹೋಗೈತಿ, ಕಿವಿ ಹೋಗಿಲ್ಲ. ಬೈಯ್ಯಾಕ ಬರೂದಿಲ್ಲಂದ್ರ ಸೌಟ ಇಟ್ಟ ಮನಿಗೆ ನಡಿ!"

ಗಾಣದ ಎತ್ತುಗಳೂ ನಿಂತವು. ಅಜ್ಜನ ಮುಖ ಕೆಂಪಾಯಿತು. ಸೌಟು ಎತ್ತಿಕೊಂಡ. ಆಮೇಲೆ ಅವನ ಬಾಯಿ ತೆರೆಯಿತು ನೋಡಿ!

"ಲೇ ಹುಚ್ಚಪ್ಯಾ! ಮಂಗ್ಯಾ! ಉರಿ ಎಳಿ ಅಂದ್ರ ಕೋಲ ಜೋಡಿ ಕುಸ್ತಿ ಹಿಡೀತೀಯೇನ? ಕೋಲ ನಿಲ್ಲೂದಿಲ್ಲ ಅಂತ ಗೊತ್ತಿದ್ದ ಮ್ಯಾಲ ತೋಳಿಗೆ ಕಟಗೊಂಡ ಇಳೀಬೇಕಿಲ್ಲೋ? ಬುದ್ಧಿ ಏನ ದನಾ ಕಾಯಾಕ ಹೋಗಿತ್ತೇನ? ನಾಳೆ ಹಿಂಗ ಬಂದೀ ಅಂದ್ರ ನಿನ್ನನ್ನೂ ಒಲಿಗೆ ಹಾಕಿ ಉರಸ್ತೇನಿ, ಹಸಿ ಸಿಪ್ಪಿಗಿಂತ ಚಲೋ ಹತ್ತತೀ!"

ಇನ್ನೂ ಇತ್ತು. ಅದನ್ನೆಲ್ಲ ಹೇಳಲು ಬರುವುದಿಲ್ಲ. ಕೇಳುತ್ತ ಕೇಳುತ್ತ ನನ್ನ ಕಣ್ಣಲ್ಲಿ ನೀರು ಬಂತು. ಆದರೆ ಇದು ಕೋಣೆಯಲ್ಲಿ ಕೂತು ಅತ್ತ ಅಳು ಅಲ್ಲ. ಎಷ್ಟೋ ತಿಂಗಳ ಮೇಲೆ ಒಬ್ಬ ಮನುಷ್ಯ ನನ್ನ ಜೊತೆ ಸರಿಯಾಗಿ ಮಾತಾಡಿದ್ದ.

ಅದಾದ ಮೇಲೆ ಊಟ. ಸಾಲಾಗಿ ಕೂತರು. ಹಸಿವಿಲ್ಲ ಎಂದು ತಪ್ಪಿಸಿಕೊಳ್ಳಬೇಕೆಂದು ಬೆಳಿಗ್ಗೆಯೇ ಲೆಕ್ಕ ಹಾಕಿದ್ದೆ. ಈಗ ಹೋಗಿ ನಟ್ಟನಡುವೆ ಕೂತು, ಎಡಗೈಯಲ್ಲಿ ರೊಟ್ಟಿ ಮುರಿದು ಝುಣಕಕ್ಕೆ ಒತ್ತಿದೆ. ಕೆಲವರು ತಲೆ ತಗ್ಗಿಸಿದರು. ಎದುರಿಗೆ ಕೂತಿದ್ದ ನನ್ನ ಗೆಳೆಯ ತಾಟು ಎತ್ತಿಕೊಂಡು ಎದ್ದ.

"ಎಲ್ಲಿ ಹೊಂಟಿಲೇ? ಕುಂಡ್ರು" ಎಂದೆ.

"ನೋಡಾಕ ಆಗೂದಿಲ್ಲಪಾ ನನಗ" ಎಂದ.

"ನಿನಗ ನೋಡೂದ ಅಷ್ಟ. ನಾ ಇದರಲೇ ಉಣಬೇಕು, ಇನ್ನ ಜೀವ ಇರೂತನಕ. ಯಾರದು ತ್ರಾಸ ಹೆಚ್ಚಿಂದು, ನೀನ ಹೇಳು."

ಅವನು ಬಂದು ನನ್ನ ಬಾಜೂ ಕೂತ. ಇಬ್ಬರೂ ಉಂಡೆವು. ಎದ್ದು ಹೋಗುವಾಗ ಅವನು ನನ್ನ ಎಡಗೈಗೆ ನೀರು ಹಾಕಿದ. ತೊಳೆದುಕೊಳ್ಳಲು ಒಂದು ಕೈಗೆ ಇನ್ನೊಂದು ಕೈ ಬೇಕಲ್ಲ, ಅವನೇ ತನ್ನ ಕೈಯಿಂದ ಉಜ್ಜಿದ.

ಆ ಸಂಜೆ ಮನೆಗೆ ಹೋಗಿ ಹೆಂಡತಿಗೆ ಅಜ್ಜ ಬೈದದ್ದನ್ನೆಲ್ಲ ಹೇಳಿದೆ. ಅವಳು ಎದ್ದು ದನ ಕಟ್ಟುವ ಹಕ್ಕೆಗೆ ಹೋಗಿ ಎತ್ತಿನ ಹಳೆಯ ಕೊರಳಪಟ್ಟಿ ತಂದಳು. ಗಟ್ಟಿ ತೊಗಲು. ಅದನ್ನು ಕೊಯ್ದು, ನನ್ನ ಮೊಂಡುಗೈಗೆ ಸುತ್ತಿ, ಮೊಣಕೈಯ ಮೇಲೆ ಒಂದು ಬಿಗಿ ಕೊಟ್ಟು, ಕೆಳಗೆ ಕೋಲು ಸಿಕ್ಕಿಸಲು ಒಂದು ಕುಣಿಕೆ ಮಾಡಿದಳು. ಮೊದಲ ಸಲ ತೀರ ಬಿಗಿಯಾಗಿ ತೋಳು ಜೋಮು ಹಿಡಿಯಿತು. ಬಿಚ್ಚಿ ಮತ್ತೆ ಹೊಲಿದಳು. ಬಾರುಕೋಲು ಸಿಕ್ಕಿಸಿ ಅಂಗಳದಲ್ಲಿ ಎಳೆದು ನೋಡಿದೆ. ಜಾರಲಿಲ್ಲ.

ಆಮೇಲೆ ಕಾಕಾನ ಗಾಣ ಮುಗಿಯುವ ತನಕ ಒಲೆ ನನ್ನದೇ ಆಯಿತು. ಪಟ್ಟಿಯ ಕೆಳಗೆ ಚರ್ಮ ಸುಲಿಯಿತು, ಎಣ್ಣೆ ಹಚ್ಚಿ ಮತ್ತೆ ಕಟ್ಟಿಕೊಂಡೆ. ಅಜ್ಜ ಮೇಲಿನಿಂದ ಬೈಯುತ್ತಿದ್ದ, ನಾನು ಕೆಳಗಿನಿಂದ ತಿರುಗಿ ಬೈಯುತ್ತಿದ್ದೆ. ಕ್ರಮೇಣ ಕೊಪ್ಪರಿಗೆಯ ಕುದಿಯ ಸದ್ದಿನಿಂದಲೇ ಪಾಕ ಎಲ್ಲಿಗೆ ಬಂತೆಂದು ನನಗೆ ತಿಳಿಯತೊಡಗಿತು. ಅಜ್ಜ ಬಾಯಿ ತೆರೆಯುವುದಕ್ಕೂ ನಾನು ಉರಿ ತಗ್ಗಿಸುವುದಕ್ಕೂ ಸರಿಹೋಗುತ್ತಿತ್ತು. ಮೊಂಡುಗೈಯನ್ನು ಮುಚ್ಚಿಕೊಳ್ಳುವುದು ಯಾವಾಗ ಬಿಟ್ಟೆನೋ ನೆನಪಿಲ್ಲ.

ಗಾಣ ಬಿಚ್ಚಿದ ಸಂಜೆ ಎಲ್ಲರೂ ಕೂತು ಯಾರ ಮನೆಗೆ ಎಷ್ಟು ಮುಯ್ಯಿ ಎಂದು ಬಾಯಲ್ಲೇ ಹೇಳಿ ಮುಗಿಸುವುದು ವಾಡಿಕೆ. ಕಾಕಾ ಒಂದೊಂದೇ ಮನೆಯ ಹೆಸರು ಹೇಳುತ್ತ ಬಂದರು. ನನ್ನ ಸರದಿ ಬಂದಾಗ ಗಂಟಲು ಸರಿಮಾಡಿಕೊಂಡು, "ಇವರ ಕಬ್ಬಿಗೆ ನಾವು ಎಲ್ಲಾರೂ..." ಎಂದರು.

"ಎಲ್ಲಾರೂ ಯಾಕ್ರಿ ಕಾಕಾ?" ಎಂದೆ. "ನಾ ಒಬ್ಬಾಂವ ದುಡದೇನಿ. ನನ್ನ ಒಂದ ದಿನಕ್ಕ ನಿಮ್ಮ ಒಂದ ಆಳು. ಕಡಿಮಿ ಬ್ಯಾಡ, ಹೆಚ್ಚಿಂದೂ ಬ್ಯಾಡ. ಪೂರಾ ಆಳೋ ಅರ್ಧ ಆಳೋ, ಅದನ್ನ ಈಗ ಇಲ್ಲೇ ಹೇಳ್ರಿ."

ಅರ್ಧ ಎಂದಿದ್ದರೆ ನಾನು ಎದ್ದು ಹೋಗುತ್ತಿದ್ದೆ, ಕಬ್ಬು ಹೊಲದಲ್ಲೇ ನಿಲ್ಲುತ್ತಿತ್ತು. ಒಣಗಲಿ ಎಂದು ಅವತ್ತು ಅಂದದ್ದು ಸುಮ್ಮನೆ ಹೆದರಿಸಲು ಆಡಿದ ಮಾತಾಗಿರಲಿಲ್ಲ.

"ಪೂರಾ" ಎಂದ ಅಜ್ಜ, ಎಲೆ ಅಡಿಕೆ ಕುಟ್ಟುತ್ತ. "ಬಾಯಿ ಮಾತ್ರ ಎರಡ ಆಳಿಂದೈತಿ."

ಎಲ್ಲರೂ ನಕ್ಕರು. ಕಾಕಾ ನನ್ನನ್ನು ನೋಡಿ ತಲೆ ಆಡಿಸಿದರು. "ಆತಪಾ. ಪೂರಾ ಆಳು" ಎಂದರು. ಆಗ ನನ್ನ ಗೆಳೆಯ ಅಡ್ಡ ಬಾಯಿ ಹಾಕಿದ.

"ಒಂದ ನಿಮಿಷ ನಿಂದರ್ರಿ. ಮೊದಲನೇ ದಿನಾ ಕೊಪ್ಪರಿಗಿ ಸುಟ್ಟಾನ. ಸುಟ್ಟ ದಿನಾ ಮುಯ್ಯಾಗ ಹಿಡಿಯೂದಿಲ್ಲ, ಇದು ಎಲ್ಲಾರಿಗೂ ಇರೂ ಮಾತ. ಅದನ್ನ ಲೆಕ್ಕದಾಗ ಕಡೀರಿ."

"ಏ! ಅವತ್ತ ನಾ ಸೂರ್ಯಾ ಮುಳಗೂತನಕ ದುಡದೇನಿ!"

"ದುಡದೀ, ಸುಟ್ಟೀ. ಕಡೀರಿ ಕಾಕಾ."

"ನನ್ನ ಜಾಗಾದಾಗ ಕುಂತ ಕಬ್ಬ ಕೊಡ್ತೀ, ಮತ್ತ ನನ್ನ ದಿನಾ ಕಡಸ್ತೀಯೇನಲೇ?"

"ಕಡಸ್ತೇನಿ. ಏನ ಮಾಡ್ತೀ?"

ಬಹಳ ಹೊತ್ತು ಜಗಳಾಡಿದೆ. ನಾನು ಗೆಲ್ಲಲಿಲ್ಲ. ಕಾಕಾ ಆ ದಿನವನ್ನು ಕಡಿದರು. ಮುಂದಿನ ವಾರ ನಮ್ಮ ಗಾಣ ಹೂಡುವುದೆಂದು ನಿಶ್ಚಯವಾಯಿತು.

ಮನೆಗೆ ಬಂದಾಗ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಪೂರಾ ಆಳು ಎಂದು ಹಿಡಿದರು ಎಂದೆ. ಅವಳ ಕೈ ನಿಂತಿತು. ಮೊದಲನೆಯ ದಿನ ಮಾತ್ರ ಕಡಿದರು ಎಂದೆ.

"ಯಾರು ಕಡದಾಂವ?"

ಹೇಳಿದೆ. ಅವಳು ಕೈಯ ಹಿಟ್ಟು ಝಾಡಿಸಿ, ಸೆರಗು ಬಿಗಿದು ಕಟ್ಟಿ, ಬಾಗಿಲ ಕಡೆ ನಡೆದಳು. "ಬೆಂಕ್ಯಾಗ ನಿಂತ ದುಡದಾರ ನನ್ನ ಗಂಡ. ಅವನಪ್ಪನ ಮನಿಂದೇನ ಆ ದಿನಾ? ಕೇಳಿ ಬರ್ತೇನಿ ತಡೀರಿ."

ಅಷ್ಟು ತಿಂಗಳು ನನ್ನನ್ನು ಕೂಸಿನಂತೆ ಕಾದವಳು ನನ್ನ ಮುಯ್ಯಿಗಾಗಿ ಜಗಳಕ್ಕೆ ಹೊರಟಿದ್ದಳು. ತಡೆಯಬೇಕೆಂದು ನನಗೆ ಅನಿಸಲೇ ಇಲ್ಲ. "ಜೋರಾಗಿ ಕೇಳು" ಎಂದು ಕೂಗಿ ಹೇಳಿ, ಹಂಚಿನ ಮೇಲಿನ ರೊಟ್ಟಿ ಹೊತ್ತದಂತೆ ಎಡಗೈಯಿಂದ ತಿರುವಿ ಹಾಕಿದೆ.